ವಿಪಿಎನ್ ಸಂಪರ್ಕವನ್ನು ಗಣಕಯಂತ್ರದ ಭದ್ರತಾ ನೀತಿಯು ತಡೆದಾಗ ಅನುಸರಿಸಬೇಕಾದ ಕ್ರಮ: ಸಾರ್ವಜನಿಕರಿಗೆ ಮಾಹಿತಿ

ಪ್ರಸ್ತಾವನೆ

ಆನ್‌ಲೈನ್ ಮೂಲಕ ಸೇವೆಗಳಿಗೆ ಅರ್ಜಿ ಸಲ್ಲಿಸುವ ನಾಗರಿಕರು, ಅವರ ಪರವಾಗಿ ಅರ್ಜಿ ಭರ್ತಿ ಮಾಡಿಕೊಡುವ ಸೇವಾ ಕೇಂದ್ರಗಳ ನಿರ್ವಾಹಕರು ಹಾಗೂ ಮನೆಯಿಂದಲೇ ತಮ್ಮ ಸಂಸ್ಥೆಯ ಜಾಲಕ್ಕೆ ಸಂಪರ್ಕ ಪಡೆಯುವ ನೌಕರರು ಹಲವು ಸಂದರ್ಭಗಳಲ್ಲಿ ವಿಪಿಎನ್ ತಂತ್ರಾಂಶವನ್ನು ಬಳಸುತ್ತಾರೆ. ಲಿನಕ್ಸ್ ಕಾರ್ಯಾಚರಣ ವ್ಯವಸ್ಥೆ ಇರುವ ಗಣಕಯಂತ್ರಗಳಲ್ಲಿ, ಬಳಕೆದಾರರ ಹೆಸರು, ಗುಪ್ತಪದ ಮತ್ತು ಪ್ರಮಾಣಪತ್ರ ಎಲ್ಲವೂ ಸರಿಯಿದ್ದರೂ, ವಿಪಿಎನ್ ಸಂಪರ್ಕವು ಆರಂಭದಲ್ಲಿಯೇ ನಿಂತು "ಪರ್ಮಿಷನ್ ಡಿನೈಡ್" ಎಂಬ ಸಂದೇಶ ಕಾಣಿಸಿಕೊಳ್ಳುವುದುಂಟು. ಸಂಪರ್ಕಕ್ಕೆ ನೀಡಲಾಗಿರುವ ಪೋರ್ಟ್ ಸಂಖ್ಯೆಯು ರೂಢಿಯ ಸಂಖ್ಯೆಗಿಂತ ಬೇರೆಯಾಗಿರುವುದು ಇದಕ್ಕೆ ಒಂದು ಮುಖ್ಯ ಕಾರಣವಾಗಿರುತ್ತದೆ.

ಅರ್ಜಿಯ ಕೊನೆಯ ದಿನಾಂಕ ಸಮೀಪಿಸಿರುವಾಗ ಇಂತಹ ಅಡಚಣೆ ಎದುರಾದರೆ, ಗಣಕಯಂತ್ರದ ಭದ್ರತಾ ವ್ಯವಸ್ಥೆಯನ್ನೇ ಸ್ಥಗಿತಗೊಳಿಸಿ ಕೆಲಸ ಮುಗಿಸುವ ಪರಿಪಾಠ ಸಾಮಾನ್ಯವಾಗಿದೆ. ಇದು ಸರಿಯಾದ ಕ್ರಮವಲ್ಲ. ಆಗಿರುವ ತಡೆಯು ಯಂತ್ರದ ದೋಷವಲ್ಲ. ಭದ್ರತಾ ನೀತಿಯು ತನಗೆ ತಿಳಿಸದೇ ಇರುವ ಬಾಗಿಲನ್ನು ತೆರೆಯಲು ನಿರಾಕರಿಸಿದೆ, ಅಷ್ಟೇ. ಆ ಒಂದು ಬಾಗಿಲಿನ ವಿವರವನ್ನು ನೀತಿಯಲ್ಲಿ ನಮೂದಿಸಿದರೆ ಸಂಪರ್ಕ ದೊರೆಯುತ್ತದೆ ಮತ್ತು ಉಳಿದ ರಕ್ಷಣೆ ಹಾಗೆಯೇ ಮುಂದುವರಿಯುತ್ತದೆ. ಈ ವಿಧಾನವನ್ನು ಸಾರ್ವಜನಿಕರ ತಿಳಿವಳಿಕೆಗಾಗಿ ಇಲ್ಲಿ ವಿವರಿಸಲಾಗಿದೆ.

1. ಈ ಮಾಹಿತಿ ಯಾರಿಗೆ ಅನ್ವಯಿಸುತ್ತದೆ

ಮೊದಲಿಗೆ ಗಮನಿಸಬೇಕಾದ ಅಂಶವೆಂದರೆ, ಸೇವಾ ಸಿಂಧು, ನಾಡಕಚೇರಿ ಮೊದಲಾದ ಸಾರ್ವಜನಿಕ ಜಾಲತಾಣಗಳಲ್ಲಿ ಅರ್ಜಿ ಸಲ್ಲಿಸಲು ನಾಗರಿಕರಿಗೆ ವಿಪಿಎನ್ ಅಗತ್ಯವಿರುವುದಿಲ್ಲ. ಇವುಗಳನ್ನು ಸಾಮಾನ್ಯ ಬ್ರೌಸರ್ ಮೂಲಕವೇ ತೆರೆಯಬಹುದಾಗಿದೆ. ಆದುದರಿಂದ ಕೇವಲ ಅರ್ಜಿ ಸಲ್ಲಿಸಬೇಕಾದವರು ವಿಪಿಎನ್ ಸರಿಪಡಿಸುವವರೆಗೆ ಕಾಯದೆ, ವಿಪಿಎನ್ ಇಲ್ಲದೆಯೇ ಅರ್ಜಿ ಸಲ್ಲಿಸಲು ಪ್ರಯತ್ನಿಸತಕ್ಕದ್ದು.

ಕೆಳಕಂಡ ಎಲ್ಲ ಷರತ್ತುಗಳು ಅನ್ವಯವಾಗುವವರಿಗೆ ಮಾತ್ರ ಮುಂದಿನ ವಿವರಗಳು ಉಪಯುಕ್ತವಾಗಿರುತ್ತವೆ:

(ಅ) ಗಣಕಯಂತ್ರದಲ್ಲಿ ಫೆಡೋರಾ, ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ ಅಥವಾ ಅದೇ ಮೂಲದ ರಾಕಿ ಲಿನಕ್ಸ್, ಆಲ್ಮಾ ಲಿನಕ್ಸ್ ಮುಂತಾದ ವ್ಯವಸ್ಥೆ ಇರಬೇಕು.
(ಆ) ಎಸ್‌ಇಲಿನಕ್ಸ್ ಎಂಬ ಭದ್ರತಾ ವ್ಯವಸ್ಥೆ ಚಾಲನೆಯಲ್ಲಿರಬೇಕು.
(ಇ) ವಿಪಿಎನ್ ಸಂಪರ್ಕಕ್ಕೆ ಓಪನ್‌ವಿಪಿಎನ್ ತಂತ್ರಾಂಶವನ್ನು ಬಳಸುತ್ತಿರಬೇಕು.
(ಈ) ಸಂಪರ್ಕದ ಪೋರ್ಟ್ ಸಂಖ್ಯೆ 1194 ಆಗಿರದೆ ಬೇರೆ ಆಗಿರಬೇಕು.

ಉಬುಂಟು ವ್ಯವಸ್ಥೆಯಲ್ಲಿ ಹಾಗೂ 2019ರಲ್ಲಿ ಬಿಡುಗಡೆಯಾದ 10ನೇ ಆವೃತ್ತಿಯಿಂದೀಚೆಗಿನ ಡೆಬಿಯನ್ ವ್ಯವಸ್ಥೆಯಲ್ಲಿ ಎಸ್‌ಇಲಿನಕ್ಸ್‌ಗೆ ಬದಲಾಗಿ ಆಪ್‌ಆರ್ಮರ್ ಎಂಬ ವ್ಯವಸ್ಥೆ ಪೂರ್ವನಿಯೋಜಿತವಾಗಿ ಇರುತ್ತದೆ. ಅದರ ಕಾರ್ಯವಿಧಾನ ಬೇರೆಯಾಗಿದ್ದು, ಇಲ್ಲಿ ತಿಳಿಸಿರುವ ಆದೇಶಗಳು ಅಲ್ಲಿ ಅನ್ವಯಿಸುವುದಿಲ್ಲ.

2. ವಿಪಿಎನ್ ಮತ್ತು ಪೋರ್ಟ್ ಎಂದರೇನು

ಅಂತರ್ಜಾಲವು ಎಲ್ಲರೂ ಸಂಚರಿಸುವ ಸಾರ್ವಜನಿಕ ರಸ್ತೆಯಿದ್ದಂತೆ. ಈ ರಸ್ತೆಯ ಮೂಲಕವೇ ಎರಡು ಗಣಕಯಂತ್ರಗಳ ನಡುವೆ ಇತರರು ಓದಲಾಗದಂತೆ ಗೂಢಲಿಪೀಕರಿಸಿದ ಮಾರ್ಗವೊಂದನ್ನು ಏರ್ಪಡಿಸುವ ತಂತ್ರಜ್ಞಾನಕ್ಕೆ ವಿಪಿಎನ್ ಎನ್ನುತ್ತಾರೆ. ಇಂತಹ ತಂತ್ರಾಂಶಗಳಲ್ಲಿ ಹೆಚ್ಚು ಪ್ರಚಲಿತವಾಗಿರುವ ಓಪನ್‌ವಿಪಿಎನ್ ಅನ್ನು ಜೇಮ್ಸ್ ಯೋನನ್ ಅವರು 2001ರಲ್ಲಿ ಮೊದಲ ಬಾರಿಗೆ ಬಿಡುಗಡೆ ಮಾಡಿದರು.

ಒಂದು ಗಣಕಯಂತ್ರದಲ್ಲಿ ಏಕಕಾಲಕ್ಕೆ ಹಲವು ಸೇವೆಗಳು ನಡೆಯುತ್ತಿರುತ್ತವೆ. ಒಳಬರುವ ಮಾಹಿತಿಯು ಯಾವ ಸೇವೆಗೆ ಸೇರಿದ್ದೆಂದು ತಿಳಿಯಲು ಪ್ರತಿ ಸೇವೆಗೂ ಒಂದು ಸಂಖ್ಯೆ ಇರುತ್ತದೆ. ಇದೇ ಪೋರ್ಟ್ ಸಂಖ್ಯೆ. ಇದನ್ನು ಕಚೇರಿಯೊಂದರ ಕೌಂಟರ್ ಸಂಖ್ಯೆಗೆ ಹೋಲಿಸಬಹುದು. ಪೋರ್ಟ್ ಸಂಖ್ಯೆಗಳು 65535ರವರೆಗೆ ಇರುತ್ತವೆ. ಇವುಗಳ ಪೈಕಿ 0ಯಿಂದ 1023ರವರೆಗಿನವು ಪ್ರಮುಖ ವ್ಯವಸ್ಥಾ ಸೇವೆಗಳಿಗೂ, 1024ರಿಂದ 49151ರವರೆಗಿನವು ನೋಂದಾಯಿತ ಸೇವೆಗಳಿಗೂ ಮೀಸಲಾಗಿವೆ. ಸುರಕ್ಷಿತ ಜಾಲತಾಣಗಳಿಗೆ 443, ಹೆಸರು ಶೋಧನೆಯ ಡಿಎನ್‌ಎಸ್ ಸೇವೆಗೆ 53 ಹಾಗೂ ಓಪನ್‌ವಿಪಿಎನ್‌ಗೆ 1194 ಸಂಖ್ಯೆಗಳು ನಿಗದಿಯಾಗಿವೆ. ಓಪನ್‌ವಿಪಿಎನ್‌ನ ಆರಂಭಿಕ ಆವೃತ್ತಿಗಳು 5000 ಸಂಖ್ಯೆಯನ್ನು ಬಳಸುತ್ತಿದ್ದವು; ಅಧಿಕೃತ ಸಂಖ್ಯೆ ದೊರೆತ ನಂತರ 1194ಕ್ಕೆ ಬದಲಾಯಿಸಲಾಯಿತು.

ಆದರೂ ಅನೇಕ ಸಂಸ್ಥೆಗಳು 1194ನ್ನು ಬಿಟ್ಟು ಬೇರೆ ಸಂಖ್ಯೆಯನ್ನು ನೀಡುತ್ತವೆ. ಕೆಲವು ವಸತಿಗೃಹ, ವಿದ್ಯಾಸಂಸ್ಥೆ ಮತ್ತು ಕಚೇರಿ ಜಾಲಗಳು 1194ನ್ನು ತಡೆಹಿಡಿಯುವುದು, ಒಂದೇ ಸರ್ವರ್‌ನಲ್ಲಿ ಹಲವು ವಿಪಿಎನ್‌ಗಳನ್ನು ನಡೆಸಬೇಕಾಗಿ ಬರುವುದು ಹಾಗೂ ರೂಢಿಯ ಸಂಖ್ಯೆಯನ್ನೇ ಹುಡುಕುವ ದುರುದ್ದೇಶಪೂರಿತ ತಪಾಸಣೆಗಳಿಂದ ದೂರವಿರುವ ಬಯಕೆ ಇದಕ್ಕೆ ಕಾರಣಗಳು. ಹೀಗೆ ಬದಲಾಯಿಸುವುದು ನ್ಯಾಯಯುತವಾದ ಕ್ರಮವೇ ಆಗಿದೆ. ಆದರೆ ಬದಲಾವಣೆಯ ವಿಷಯ ಬಳಕೆದಾರರ ಗಣಕಯಂತ್ರದ ಭದ್ರತಾ ನೀತಿಗೆ ತಾನಾಗಿಯೇ ತಿಳಿಯುವುದಿಲ್ಲ.

3. ಭದ್ರತಾ ನೀತಿಯ ಕಾರ್ಯವಿಧಾನ

ಎಸ್‌ಇಲಿನಕ್ಸ್ ವ್ಯವಸ್ಥೆಯನ್ನು ಅಮೆರಿಕದ ರಾಷ್ಟ್ರೀಯ ಭದ್ರತಾ ಸಂಸ್ಥೆಯು ರೂಪಿಸಿ ಡಿಸೆಂಬರ್ 2000ದಲ್ಲಿ ಮುಕ್ತ ತಂತ್ರಾಂಶವಾಗಿ ಬಿಡುಗಡೆ ಮಾಡಿತು. 2003ರಲ್ಲಿ ಲಿನಕ್ಸ್ 2.6 ಆವೃತ್ತಿಯ ಮುಖ್ಯ ಭಾಗದಲ್ಲಿ ಅದು ಸೇರ್ಪಡೆಯಾಯಿತು. 2004ರ ಫೆಡೋರಾ ಕೋರ್ 3 ಹಾಗೂ 2005ರ ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 4 ಆವೃತ್ತಿಗಳಿಂದ ಇದು ಪೂರ್ವನಿಯೋಜಿತವಾಗಿ ಚಾಲನೆಯಲ್ಲಿರುತ್ತದೆ. 2014ರ ಆಂಡ್ರಾಯ್ಡ್ 5.0 ಆವೃತ್ತಿಯಿಂದ ಮೊಬೈಲ್ ದೂರವಾಣಿಗಳಲ್ಲಿಯೂ ಇದು ಪೂರ್ಣ ಪ್ರಮಾಣದಲ್ಲಿ ಜಾರಿಯಲ್ಲಿದೆ. ಹೀಗಾಗಿ ಇದು ತಜ್ಞರಿಗಷ್ಟೇ ಸೀಮಿತವಾದ ವ್ಯವಸ್ಥೆಯಲ್ಲ.

ಸಾಮಾನ್ಯ ಲಿನಕ್ಸ್ ವ್ಯವಸ್ಥೆಯಲ್ಲಿ ಒಂದು ತಂತ್ರಾಂಶಕ್ಕೆ ಅದನ್ನು ಚಾಲನೆಗೊಳಿಸಿದ ಬಳಕೆದಾರರ ಅಧಿಕಾರವೆಲ್ಲವೂ ದೊರೆಯುತ್ತದೆ. ವಿಪಿಎನ್ ತಂತ್ರಾಂಶವು ಜಾಲದ ಮಾರ್ಗಗಳನ್ನು ಬದಲಾಯಿಸಬೇಕಾದುದರಿಂದ ಅದನ್ನು ಪ್ರಾಯಶಃ ಅತ್ಯುನ್ನತ ಅಧಿಕಾರವುಳ್ಳ ರೂಟ್ ಬಳಕೆದಾರರ ಹೆಸರಿನಲ್ಲಿ ಆರಂಭಿಸಲಾಗುತ್ತದೆ. ಅಂತಹ ತಂತ್ರಾಂಶದಲ್ಲಿ ಲೋಪವೊಂದಿದ್ದು ದುಷ್ಕರ್ಮಿಗಳು ಅದನ್ನು ವಶಪಡಿಸಿಕೊಂಡರೆ ಇಡೀ ಗಣಕಯಂತ್ರವೇ ಅವರ ಕೈಗೆ ಸಿಗಬಹುದು. ಎಸ್‌ಇಲಿನಕ್ಸ್ ಈ ಅಪಾಯವನ್ನು ಮಿತಿಗೊಳಿಸುತ್ತದೆ.

ಅಭಿಲೇಖಾಲಯದ ಒಬ್ಬ ನೌಕರರ ಬಳಿ ಕಚೇರಿಯ ಗುರುತಿನ ಚೀಟಿ ಇರಬಹುದು. ಆದರೆ ಅವರು ಯಾವ ಕೊಠಡಿಗೆ ಹೋಗಬಹುದು, ಯಾವ ಕಡತವನ್ನು ಮುಟ್ಟಬಹುದು ಎಂಬುದು ಪ್ರತ್ಯೇಕ ಆದೇಶದಲ್ಲಿರುತ್ತದೆ. ಆದೇಶದಲ್ಲಿ ಇಲ್ಲದ ಕೊಠಡಿಯ ಬಳಿ ಅವರು ಹೋದರೆ, ಚೀಟಿ ನಿಜವಾದದ್ದೇ ಆಗಿದ್ದರೂ, ಕಾವಲುಗಾರರು ತಡೆಯುತ್ತಾರೆ. ಎಸ್‌ಇಲಿನಕ್ಸ್ ಇದೇ ರೀತಿ ಪ್ರತಿ ತಂತ್ರಾಂಶಕ್ಕೂ, ಪ್ರತಿ ಕಡತಕ್ಕೂ, ಪ್ರತಿ ಪೋರ್ಟ್‌ಗೂ ಒಂದು ಲೇಬಲ್ ನೀಡುತ್ತದೆ. ಯಾವ ಲೇಬಲ್‌ನ ತಂತ್ರಾಂಶವು ಯಾವ ಲೇಬಲ್‌ನ ವಸ್ತುವಿನೊಡನೆ ಏನು ಮಾಡಬಹುದೆಂಬ ಪಟ್ಟಿಯೇ ಭದ್ರತಾ ನೀತಿ. ಪಟ್ಟಿಯಲ್ಲಿ ಇಲ್ಲದ್ದಕ್ಕೆ ಅನುಮತಿ ಇರುವುದಿಲ್ಲ. ರೂಟ್ ಬಳಕೆದಾರರ ಹೆಸರಿನಲ್ಲಿ ಆರಂಭವಾದ ತಂತ್ರಾಂಶಕ್ಕೂ ಇದರಿಂದ ವಿನಾಯಿತಿ ಇಲ್ಲ.

ಈ ಮಿತಿಯ ಪ್ರಯೋಜನಕ್ಕೆ ಒಂದು ನಿದರ್ಶನವನ್ನು ನೀಡಬಹುದು. ಫೆಬ್ರವರಿ 2019ರಲ್ಲಿ ರನ್‌ಸಿ ಎಂಬ ತಂತ್ರಾಂಶದಲ್ಲಿ ಸಿವಿಇ-2019-5736 ಎಂಬ ಸಂಖ್ಯೆಯ ಗಂಭೀರ ಲೋಪ ಬಹಿರಂಗವಾಯಿತು. ಪ್ರತ್ಯೇಕವಾಗಿ ಇರಿಸಿದ ಕಂಟೈನರ್ ಒಂದರಿಂದ ಹೊರಬಂದು ಇಡೀ ಯಂತ್ರವನ್ನು ವಶಪಡಿಸಿಕೊಳ್ಳಲು ಅದು ಅವಕಾಶ ನೀಡುತ್ತಿತ್ತು. ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್‌ನಲ್ಲಿ ಎಸ್‌ಇಲಿನಕ್ಸ್ ನೀತಿಯು ಪೂರ್ಣವಾಗಿ ಜಾರಿಯಲ್ಲಿದ್ದ ಯಂತ್ರಗಳಲ್ಲಿ ಈ ದಾಳಿಗೆ ತಡೆ ಇತ್ತು. ನೀತಿಯನ್ನು ಸ್ಥಗಿತಗೊಳಿಸಿದ್ದವರಿಗೆ ಆ ರಕ್ಷಣೆ ದೊರೆಯಲಿಲ್ಲ.

4. ರೂಢಿಯಲ್ಲದ ಪೋರ್ಟ್‌ಗೆ ತಡೆ ಏಕೆ ಉಂಟಾಗುತ್ತದೆ

ಸೇವೆಯ ರೂಪದಲ್ಲಿ ಅಥವಾ ನೆಟ್‌ವರ್ಕ್ ಮ್ಯಾನೇಜರ್ ಮೂಲಕ ಆರಂಭವಾದ ಓಪನ್‌ವಿಪಿಎನ್‌ಗೆ "ಓಪನ್‌ವಿಪಿಎನ್_ಟಿ" ಎಂಬ ಲೇಬಲ್ ದೊರೆಯುತ್ತದೆ. 1194ನೇ ಪೋರ್ಟ್‌ಗೆ, ಟಿಸಿಪಿ ಮತ್ತು ಯುಡಿಪಿ ಎರಡೂ ವಿಧಾನಗಳಲ್ಲಿ, "ಓಪನ್‌ವಿಪಿಎನ್_ಪೋರ್ಟ್_ಟಿ" ಎಂಬ ಲೇಬಲ್ ಇದೆ. ಮೊದಲನೆಯದು ಎರಡನೆಯದನ್ನು ಬಳಸಬಹುದೆಂದು ನೀತಿಯಲ್ಲಿ ಅನುಮತಿ ಇದೆ. ಜಾಲತಾಣ ಸೇವೆಗೆ ಮೀಸಲಾದ 443, 8080 ಮುಂತಾದ ಸಂಖ್ಯೆಗಳಿಗೆ ಟಿಸಿಪಿ ಮೂಲಕ ಸಂಪರ್ಕಿಸಲು ಸಹ ಅನುಮತಿ ನೀಡಲಾಗಿದೆ.

ನಿಮ್ಮ ಸಂಸ್ಥೆಯು ನೀಡಿರುವ ಸಂಖ್ಯೆ 11940 ಎಂದು ಭಾವಿಸೋಣ. ಯಾವ ಸೇವೆಗೂ ಹೆಸರಿಸದ ಸಂಖ್ಯೆಗಳ ಪೈಕಿ 1024ರಿಂದ 32767ರವರೆಗಿನವುಗಳಿಗೆ "ಅನ್‌ರಿಸರ್ವ್ಡ್_ಪೋರ್ಟ್_ಟಿ" ಎಂಬ ಸಾಮಾನ್ಯ ಲೇಬಲ್ ಇರುತ್ತದೆ. ಓಪನ್‌ವಿಪಿಎನ್ ಈ ಲೇಬಲ್‌ನ ಪೋರ್ಟನ್ನು ಬಳಸಬಹುದೆಂದು ನೀತಿಯಲ್ಲಿ ಹೇಳದೇ ಇದ್ದರೆ ಸಂಪರ್ಕ ತಡೆಹಿಡಿಯಲ್ಪಡುತ್ತದೆ.

ಅದೇ ಓಪನ್‌ವಿಪಿಎನ್ ಅನ್ನು ಟರ್ಮಿನಲ್ ಕಿಟಕಿಯಲ್ಲಿ ನೇರವಾಗಿ ಚಾಲನೆಗೊಳಿಸಿದಾಗ ಸಂಪರ್ಕ ದೊರೆತು, ಸೇವೆಯ ರೂಪದಲ್ಲಿ ಆರಂಭಿಸಿದಾಗ ಮಾತ್ರ ವಿಫಲವಾಗುವುದುಂಟು. ನೇರವಾಗಿ ಚಾಲನೆಗೊಳಿಸಿದ ತಂತ್ರಾಂಶವು ಬಳಕೆದಾರರ ಅನಿರ್ಬಂಧಿತ ಲೇಬಲ್‌ನಲ್ಲಿಯೇ ಉಳಿಯುವುದು ಇದಕ್ಕೆ ಕಾರಣ. ಈ ವ್ಯತ್ಯಾಸ ಕಂಡುಬಂದಲ್ಲಿ ಭದ್ರತಾ ನೀತಿಯ ತಡೆಯನ್ನು ಬಲವಾಗಿ ಶಂಕಿಸಬಹುದು.

5. ತಡೆ ಎಲ್ಲಿದೆ ಎಂಬುದನ್ನು ಗುರುತಿಸುವ ವಿಧಾನ

ಸಂಪರ್ಕ ವಿಫಲವಾದುದಕ್ಕೆಲ್ಲ ಭದ್ರತಾ ನೀತಿಯೇ ಕಾರಣವಲ್ಲ. ಯಾವುದೇ ಬದಲಾವಣೆ ಮಾಡುವ ಮೊದಲು ಓಪನ್‌ವಿಪಿಎನ್ ದಾಖಲೆಯಲ್ಲಿರುವ ಸಂದೇಶವನ್ನು ಗಮನವಿಟ್ಟು ಓದತಕ್ಕದ್ದು.

(ಅ) "ಪರ್ಮಿಷನ್ ಡಿನೈಡ್", ದೋಷ ಸಂಖ್ಯೆ 13: ನಿಮ್ಮದೇ ಗಣಕಯಂತ್ರವು ಅನುಮತಿ ನಿರಾಕರಿಸಿದೆ. ಎಸ್‌ಇಲಿನಕ್ಸ್ ಅನ್ನು ಮೊದಲು ಪರಿಶೀಲಿಸಬೇಕು.
(ಆ) "ಆಪರೇಷನ್ ನಾಟ್ ಪರ್ಮಿಟೆಡ್", ದೋಷ ಸಂಖ್ಯೆ 1: ನಿಮ್ಮ ಗಣಕಯಂತ್ರದ ಫೈರ್‌ವಾಲ್ ಹೊರಹೋಗುವ ಮಾಹಿತಿಯನ್ನು ತಡೆದಿರುವ ಸಾಧ್ಯತೆ ಇದೆ.
(ಇ) "ಕನೆಕ್ಷನ್ ರೆಫ್ಯೂಸ್ಡ್": ನಿಮ್ಮ ಕೋರಿಕೆಗೆ ಹೊರಗಿನಿಂದ ನಿರಾಕರಣೆ ಬಂದಿದೆ. ಸಾಮಾನ್ಯವಾಗಿ ಆ ಸರ್ವರ್‌ನ ಆ ಪೋರ್ಟ್‌ನಲ್ಲಿ ಸೇವೆ ನಡೆಯುತ್ತಿಲ್ಲವೆಂದು ಇದರ ಅರ್ಥ. ಸಂಖ್ಯೆಯನ್ನು ಮತ್ತೊಮ್ಮೆ ತಾಳೆ ನೋಡಬೇಕು.
(ಈ) 60 ಸೆಕೆಂಡುಗಳೊಳಗೆ ಟಿಎಲ್‌ಎಸ್ ಕೀಲಿ ವಿನಿಮಯ ಆಗಲಿಲ್ಲವೆಂಬ ಸಂದೇಶ: ಸರ್ವರ್‌ನಿಂದ ಉತ್ತರ ಬಂದಿಲ್ಲ. ಮಾರ್ಗಮಧ್ಯದ ಯಾವುದೋ ಜಾಲ ತಡೆದಿರಬಹುದು ಅಥವಾ ಸರ್ವರ್ ಸ್ಥಗಿತವಾಗಿರಬಹುದು.

ಮೊದಲನೆಯ ಸಂದರ್ಭದಲ್ಲಿ ಮಾತ್ರ ಮುಂದಿನ ಕ್ರಮಗಳು ಪ್ರಯೋಜನಕಾರಿ. ಉಳಿದವುಗಳಲ್ಲಿ ಭದ್ರತಾ ನೀತಿಯನ್ನು ಎಷ್ಟು ಬದಲಾಯಿಸಿದರೂ ಸಂಪರ್ಕ ದೊರೆಯುವುದಿಲ್ಲ.

6. ಅನುಸರಿಸಬೇಕಾದ ಕ್ರಮ

ಸೂಚನೆ: ಆದೇಶಗಳನ್ನು ಇಲ್ಲಿ ಉಚ್ಚಾರಣೆಗೆ ಅನುಗುಣವಾಗಿ ಕನ್ನಡ ಲಿಪಿಯಲ್ಲಿ ನೀಡಲಾಗಿದೆ. ಟರ್ಮಿನಲ್‌ನಲ್ಲಿ ಇವುಗಳನ್ನು ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ, ನಿರ್ವಾಹಕರ ಅಧಿಕಾರದೊಂದಿಗೆ ಟಂಕಿಸತಕ್ಕದ್ದು.

ಹಂತ 1. ನೀತಿಯ ಸ್ಥಿತಿಯನ್ನು ತಿಳಿಯುವುದು. "ಗೆಟ್‌ಎನ್‌ಫೋರ್ಸ್" ಎಂಬ ಆದೇಶ ನೀಡಬೇಕು. ಉತ್ತರ "ಎನ್‌ಫೋರ್ಸಿಂಗ್" ಎಂದಿದ್ದರೆ ನೀತಿ ಜಾರಿಯಲ್ಲಿದೆ. "ಪರ್ಮಿಸಿವ್" ಎಂದಿದ್ದರೆ ಉಲ್ಲಂಘನೆಗಳು ದಾಖಲಾಗುತ್ತವೆಯೇ ಹೊರತು ತಡೆಯಲ್ಪಡುವುದಿಲ್ಲ. ಆದ್ದರಿಂದ ನಿಮ್ಮ ಅಡಚಣೆಗೆ ಬೇರೆ ಕಾರಣವಿದೆ.

ಹಂತ 2. ನಿರಾಕರಣೆಯ ದಾಖಲೆಯನ್ನು ನೋಡುವುದು. ವಿಪಿಎನ್ ಸಂಪರ್ಕಕ್ಕೆ ಒಮ್ಮೆ ಪ್ರಯತ್ನಿಸಿ, ಕೂಡಲೇ "ಎಯುಸರ್ಚ್ -ಎಂ ಎವಿಸಿ -ಟಿಎಸ್ ರೀಸೆಂಟ್" ಎಂಬ ಆದೇಶ ನೀಡಬೇಕು. ಆದೇಶದ ಮೊದಲ ಪದವು "ಆಡಿಟ್" ಪದದ ಮೊದಲ ಎರಡು ಅಕ್ಷರಗಳು ಮತ್ತು "ಸರ್ಚ್" ಪದ ಸೇರಿ ಆಗಿದೆ. ದಾಖಲೆಯಲ್ಲಿ ನಾಲ್ಕು ವಿವರಗಳನ್ನು ಗುರುತಿಸಬೇಕು: ನಿರಾಕರಿಸಲಾದ ಕಾರ್ಯ, ತಂತ್ರಾಂಶದ ಹೆಸರು, ಪೋರ್ಟ್ ಸಂಖ್ಯೆ ಮತ್ತು ಪೋರ್ಟ್‌ನ ಲೇಬಲ್. ಕಾರ್ಯವು "ನೇಮ್_ಕನೆಕ್ಟ್" ಎಂದಿದ್ದರೆ ಹೊರಗಿನ ಪೋರ್ಟ್‌ಗೆ ಸಂಪರ್ಕಿಸುವುದನ್ನೂ, "ನೇಮ್_ಬೈಂಡ್" ಎಂದಿದ್ದರೆ ಸ್ವಂತ ಗಣಕಯಂತ್ರದ ಪೋರ್ಟ್ ಪಡೆಯುವುದನ್ನೂ ತಡೆಯಲಾಗಿದೆ ಎಂದು ಅರ್ಥ. ಅಲ್ಲಿರುವ ಸಂಖ್ಯೆಯು ನಿಮ್ಮ ಸಂಸ್ಥೆ ನೀಡಿದ ಸಂಖ್ಯೆಯೇ ಆಗಿರಬೇಕು.

ಹಂತ 3. ಪೋರ್ಟ್ ಸಂಖ್ಯೆಯನ್ನು ದೃಢಪಡಿಸಿಕೊಳ್ಳುವುದು. ಸಂಸ್ಥೆಯ ಜಾಲ ನಿರ್ವಾಹಕರಿಂದ ಪೋರ್ಟ್ ಸಂಖ್ಯೆ ಹಾಗೂ ವಿಧಾನ ಟಿಸಿಪಿಯೋ ಯುಡಿಪಿಯೋ ಎಂಬುದನ್ನು ಬರಹದಲ್ಲಿ ಪಡೆಯುವುದು ಉತ್ತಮ. ಲೇಬಲ್‌ಗಳು ಪ್ರತಿ ವಿಧಾನಕ್ಕೂ ಪ್ರತ್ಯೇಕವಾಗಿರುತ್ತವೆ. ಟಿಸಿಪಿಗೆ ನೀಡಿದ ಅನುಮತಿಯು ಯುಡಿಪಿಗೆ ಅನ್ವಯಿಸುವುದಿಲ್ಲ.

ಹಂತ 4. ಈಗಿರುವ ಪಟ್ಟಿಯನ್ನು ನೋಡುವುದು. "ಸೆಮ್ಯಾನೇಜ್ ಪೋರ್ಟ್ -ಎಲ್" ಎಂಬ ಆದೇಶವು ಎಲ್ಲ ಲೇಬಲ್‌ಗಳನ್ನೂ ಅವುಗಳ ಸಂಖ್ಯೆಗಳನ್ನೂ ತೋರಿಸುತ್ತದೆ. ನಿಮ್ಮ ಸಂಖ್ಯೆ ಬೇರೊಂದು ಸೇವೆಯ ಹೆಸರಿನಲ್ಲಿ ಇದೆಯೇ ಎಂದು ಪರಿಶೀಲಿಸಬೇಕು. ಸೆಮ್ಯಾನೇಜ್ ಆದೇಶ ಲಭ್ಯವಿಲ್ಲದಿದ್ದರೆ "ಪಾಲಿಸಿಕೋರ್‌ಯುಟಿಲ್ಸ್-ಪೈಥಾನ್-ಯುಟಿಲ್ಸ್" ಎಂಬ ಕಂತೆಯನ್ನು ಸ್ಥಾಪಿಸಿಕೊಳ್ಳಬೇಕು.

ಹಂತ 5. ಹೊಸ ಸಂಖ್ಯೆಯನ್ನು ನಮೂದಿಸುವುದು. ಮೇಲಿನ ಉದಾಹರಣೆಗೆ ಅನ್ವಯಿಸುವ ಆದೇಶ: "ಸೆಮ್ಯಾನೇಜ್ ಪೋರ್ಟ್ -ಎ -ಟಿ ಓಪನ್‌ವಿಪಿಎನ್_ಪೋರ್ಟ್_ಟಿ -ಪಿ ಟಿಸಿಪಿ 11940". ಇದರಲ್ಲಿ "-ಎ" ಎಂಬುದು ಸೇರ್ಪಡೆಯನ್ನೂ, "-ಟಿ" ಲೇಬಲನ್ನೂ, "-ಪಿ" ವಿಧಾನವನ್ನೂ ಸೂಚಿಸುತ್ತದೆ. ನಿಮ್ಮ ಸಂಪರ್ಕ ಯುಡಿಪಿ ಆಗಿದ್ದರೆ ಟಿಸಿಪಿ ಬದಲು ಯುಡಿಪಿ ಎಂದು ನಮೂದಿಸಬೇಕು. ಸಂಖ್ಯೆಯು ಮೊದಲೇ ಬೇರೆ ಲೇಬಲ್ ಹೊಂದಿದ್ದರೆ "-ಎ" ಬದಲು ಮಾರ್ಪಾಡಿಗಾಗಿ "-ಎಂ" ಬಳಸಬೇಕು.

ಹಂತ 6. ಪುನಃ ಪ್ರಯತ್ನಿಸುವುದು. ಬದಲಾವಣೆಯು ಕೂಡಲೇ ಜಾರಿಗೆ ಬರುತ್ತದೆ. ಗಣಕಯಂತ್ರವನ್ನು ಮತ್ತೆ ಆರಂಭಿಸುವ ಅಗತ್ಯವಿಲ್ಲ. ಮತ್ತೆ ಆರಂಭಿಸಿದಾಗ ಈ ನಮೂದು ಅಳಿದುಹೋಗುವುದೂ ಇಲ್ಲ. ಮುಂದೆ ವಿಪಿಎನ್ ಅಗತ್ಯವಿಲ್ಲವಾದಾಗ "-ಡಿ" ಆಯ್ಕೆಯ ಮೂಲಕ ನಮೂದನ್ನು ತೆಗೆದುಹಾಕಬಹುದು. ಸ್ಥಳೀಯವಾಗಿ ಸೇರಿಸಿದ ನಮೂದುಗಳನ್ನಷ್ಟೇ ನೋಡಲು ಪಟ್ಟಿಯ ಆದೇಶದ ಕೊನೆಗೆ "-ಸಿ" ಎಂದು ಇಂಗ್ಲಿಷಿನ ದೊಡ್ಡ ಅಕ್ಷರದಲ್ಲಿ ಸೇರಿಸಬೇಕು.

ಇತ್ತೀಚಿನ ನೀತಿಗಳಲ್ಲಿ "ಓಪನ್‌ವಿಪಿಎನ್_ಕ್ಯಾನ್_ನೆಟ್‌ವರ್ಕ್_ಕನೆಕ್ಟ್" ಎಂಬ ಸ್ವಿಚ್ ಒಂದಿದೆ. ಇದು ಚಾಲನೆಯಲ್ಲಿದ್ದರೆ ಟಿಸಿಪಿ ಮೂಲಕ ಯಾವುದೇ ಪೋರ್ಟ್‌ಗೆ ಹೊರಹೋಗುವ ಸಂಪರ್ಕಕ್ಕೆ ಅನುಮತಿ ಇರುತ್ತದೆ. ಇದರ ಸ್ಥಿತಿಯನ್ನು "ಗೆಟ್‌ಸೆಬೂಲ್" ಆದೇಶದೊಂದಿಗೆ ಈ ಹೆಸರನ್ನು ಸೇರಿಸಿ ತಿಳಿಯಬಹುದು. ನಿರ್ವಾಹಕರು ಭದ್ರತೆಯ ದೃಷ್ಟಿಯಿಂದ ಇದನ್ನು ಸ್ಥಗಿತಗೊಳಿಸಿದ್ದಲ್ಲಿ, ಅದನ್ನು ಪುನಃ ಚಾಲನೆಗೊಳಿಸುವುದಕ್ಕಿಂತ ಒಂದು ಸಂಖ್ಯೆಯನ್ನು ನಮೂದಿಸುವುದೇ ಸೂಕ್ತ. ಸ್ವಿಚ್ ಎಲ್ಲ ಬಾಗಿಲುಗಳನ್ನೂ ತೆರೆಯುತ್ತದೆ. ನಮೂದು ಒಂದನ್ನು ಮಾತ್ರ ತೆರೆಯುತ್ತದೆ.

7. ಯುಡಿಪಿ ಸಂಪರ್ಕಗಳ ವಿಷಯದಲ್ಲಿ ವಿಶೇಷ ಸೂಚನೆ

ಹೊರಗಿನ ಪೋರ್ಟ್‌ನ ಲೇಬಲನ್ನು ಎಸ್‌ಇಲಿನಕ್ಸ್ ಟಿಸಿಪಿ ಸಂಪರ್ಕಗಳಲ್ಲಿ ಪರಿಶೀಲಿಸುತ್ತದೆ. ಯುಡಿಪಿಯಲ್ಲಿ ಈ ಪರಿಶೀಲನೆ ಇರುವುದಿಲ್ಲ. ಹೀಗಿದ್ದರೂ ಯುಡಿಪಿ ಬಳಸುವವರಿಗೆ ತಡೆ ಎದುರಾಗುವುದಕ್ಕೆ ಸಂರಚನಾ ಕಡತದ ಒಂದು ಸಾಲು ಕಾರಣವಾಗಿರುತ್ತದೆ.

ಕಡತದಲ್ಲಿ "ಪೋರ್ಟ್ 11940" ಎಂದು ಬರೆದಾಗ ಆ ಸಂಖ್ಯೆಯು ಸರ್ವರ್‌ಗೆ ಮಾತ್ರವಲ್ಲದೆ ನಿಮ್ಮ ಗಣಕಯಂತ್ರಕ್ಕೂ ಅನ್ವಯಿಸುತ್ತದೆ. ಆಗ ಓಪನ್‌ವಿಪಿಎನ್ ನಿಮ್ಮ ಗಣಕಯಂತ್ರದಲ್ಲಿಯೂ ಅದೇ ಪೋರ್ಟನ್ನು ಪಡೆಯಲು ಮುಂದಾಗುತ್ತದೆ ಮತ್ತು ನೀತಿಯು ಅದನ್ನು ತಡೆಯುತ್ತದೆ. ಸಂಪರ್ಕ ಪಡೆಯುವವರ ಗಣಕಯಂತ್ರದಲ್ಲಿ ನಿರ್ದಿಷ್ಟ ಪೋರ್ಟ್ ಇರಬೇಕೆಂಬ ಅಗತ್ಯ ಸಾಮಾನ್ಯವಾಗಿ ಇರುವುದಿಲ್ಲ. ಆದುದರಿಂದ ಪೋರ್ಟ್ ಸಾಲನ್ನು ತೆಗೆದು, ಸರ್ವರ್ ವಿಳಾಸವಿರುವ "ರಿಮೋಟ್" ಸಾಲಿನ ಕೊನೆಯಲ್ಲಿ ಸಂಖ್ಯೆಯನ್ನು ಬರೆದು, ಪ್ರತ್ಯೇಕ ಸಾಲಿನಲ್ಲಿ "ನೋಬೈಂಡ್" ಎಂದು ಸೇರಿಸಬೇಕು. ದಾಖಲೆಯಲ್ಲಿ "ನೇಮ್_ಬೈಂಡ್" ಎಂದು ಕಂಡವರು ಮೊದಲು ಈ ತಿದ್ದುಪಡಿಯನ್ನು ಪ್ರಯತ್ನಿಸತಕ್ಕದ್ದು. ಇದರಿಂದ ಭದ್ರತಾ ನೀತಿಯನ್ನು ಬದಲಾಯಿಸುವ ಅಗತ್ಯವೇ ಬರುವುದಿಲ್ಲ.

8. ಮಾಡಬಾರದ ಕ್ರಮಗಳು

(ಅ) ಎಸ್‌ಇಲಿನಕ್ಸ್ ಅನ್ನು ಸ್ಥಗಿತಗೊಳಿಸಬಾರದು. ಒಂದು ಪೋರ್ಟ್‌ಗಾಗಿ ಇದನ್ನು ಸ್ಥಗಿತಗೊಳಿಸಿದರೆ ಗಣಕಯಂತ್ರದ ಎಲ್ಲ ಸೇವೆಗಳೂ ರಕ್ಷಣೆ ಕಳೆದುಕೊಳ್ಳುತ್ತವೆ. ಈ ಅವಧಿಯಲ್ಲಿ ಸೃಷ್ಟಿಯಾದ ಕಡತಗಳಿಗೆ ಲೇಬಲ್ ಇರುವುದಿಲ್ಲವಾದ್ದರಿಂದ, ಮುಂದೆ ಪುನಃ ಜಾರಿಗೊಳಿಸುವಾಗ ಎಲ್ಲ ಕಡತಗಳಿಗೂ ಹೊಸದಾಗಿ ಲೇಬಲ್ ನೀಡಬೇಕಾಗುತ್ತದೆ.

(ಆ) "ಸೆಟ್‌ಎನ್‌ಫೋರ್ಸ್ 0" ಆದೇಶವನ್ನು ಪರಿಹಾರವೆಂದು ಭಾವಿಸಬಾರದು. ಇದು ಗಣಕಯಂತ್ರ ಮತ್ತೆ ಆರಂಭವಾಗುವವರೆಗೆ ನೀತಿಯನ್ನು ಸಡಿಲಿಸುತ್ತದೆ. ತಡೆಗೆ ನೀತಿಯೇ ಕಾರಣವೇ ಎಂಬುದನ್ನು ಪರೀಕ್ಷಿಸಬೇಕಾದಲ್ಲಿ "ಸೆಮ್ಯಾನೇಜ್ ಪರ್ಮಿಸಿವ್ -ಎ ಓಪನ್‌ವಿಪಿಎನ್_ಟಿ" ಎಂಬ ಆದೇಶದಿಂದ ಓಪನ್‌ವಿಪಿಎನ್‌ಗೆ ಮಾತ್ರ ಸಡಿಲಿಕೆ ನೀಡಿ, ಪರೀಕ್ಷೆ ಮುಗಿದ ಕೂಡಲೇ "-ಡಿ" ಆಯ್ಕೆಯಿಂದ ಹಿಂಪಡೆಯತಕ್ಕದ್ದು.

(ಇ) "ಆಡಿಟ್‌2ಅಲೋ" ಸಾಧನವು ಸಿದ್ಧಪಡಿಸುವ ನಿಯಮಗಳನ್ನು ಓದದೆ ಸೇರಿಸಬಾರದು. 11940 ಒಂದಕ್ಕಾಗಿ ಅದು ರಚಿಸುವ ನಿಯಮವು "ಅನ್‌ರಿಸರ್ವ್ಡ್_ಪೋರ್ಟ್_ಟಿ" ಲೇಬಲ್‌ಗೆ ಅನ್ವಯವಾಗುವುದರಿಂದ, ಆ ಲೇಬಲ್ ಹೊಂದಿರುವ ಸಾವಿರಾರು ಪೋರ್ಟ್‌ಗಳಿಗೆ ಏಕಕಾಲಕ್ಕೆ ಅನುಮತಿ ದೊರೆಯುತ್ತದೆ.

(ಈ) ದೂರಸಂಪರ್ಕದ ಸೇವೆಗೆ ಮೀಸಲಾದ 22, ಡಿಎನ್‌ಎಸ್‌ನ 53 ಹಾಗೂ ಜಾಲತಾಣಗಳ 443 ಮುಂತಾದ ಟಿಸಿಪಿ ಸಂಖ್ಯೆಗಳ ಲೇಬಲನ್ನು ಬದಲಾಯಿಸಬಾರದು. ಆ ಸಂಖ್ಯೆಗಳನ್ನು ಅವಲಂಬಿಸಿರುವ ಇತರ ಸೇವೆಗಳು ಸ್ಥಗಿತಗೊಳ್ಳಬಹುದು.

(ಉ) ಕಡತಗಳಿಗೆ ಎಲ್ಲರಿಗೂ ಓದಲು ಬರೆಯಲು ಅನುಮತಿ ನೀಡುವುದು ಅಥವಾ ಫೈರ್‌ವಾಲ್ ತೆಗೆಯುವುದು ಈ ತಡೆಗೆ ಸಂಬಂಧಪಡದ ಕ್ರಮಗಳಾಗಿದ್ದು, ಅವುಗಳಿಂದ ಅಪಾಯ ಮಾತ್ರ ಹೆಚ್ಚುತ್ತದೆ.

ಸೇವಾ ಕೇಂದ್ರಗಳ ನಿರ್ವಾಹಕರು ಇದನ್ನು ವಿಶೇಷವಾಗಿ ಗಮನಿಸಬೇಕೆಂದು ಕೋರಲಾಗಿದೆ. ಅರ್ಜಿದಾರರು ನೀಡಿದ ಆದಾಯ ಮತ್ತು ಜಾತಿ ಪ್ರಮಾಣಪತ್ರ, ಆಧಾರ್ ಪ್ರತಿ, ಬ್ಯಾಂಕ್ ವಿವರ, ಪಹಣಿ ಮುಂತಾದ ದಾಖಲೆಗಳು ಅನೇಕ ವೇಳೆ ಅದೇ ಗಣಕಯಂತ್ರದಲ್ಲಿ ಉಳಿದಿರುತ್ತವೆ. ಒಂದು ಸಂಜೆಯ ಅವಸರಕ್ಕಾಗಿ ತೆಗೆದ ಕಾವಲು, ಮರೆತುಹೋಗಿ ವರ್ಷಗಟ್ಟಲೆ ಹಾಗೆಯೇ ಉಳಿಯಬಹುದು. ಅದರ ಪರಿಣಾಮವನ್ನು ಅನುಭವಿಸುವವರು ಆ ಗಣಕಯಂತ್ರವನ್ನು ಎಂದೂ ಕಾಣದ ನಾಗರಿಕರು.

9. ಸಂಸ್ಥೆಗೆ ಸೇರಿದ ಗಣಕಯಂತ್ರಗಳು

ಗಣಕಯಂತ್ರವು ಸ್ವಂತದ್ದಾಗಿರದೆ ಕಚೇರಿಗೆ ಅಥವಾ ವಿದ್ಯಾಸಂಸ್ಥೆಗೆ ಸೇರಿದ್ದಲ್ಲಿ ಮೇಲಿನ ಬದಲಾವಣೆಗಳನ್ನು ಅಲ್ಲಿನ ನಿರ್ವಾಹಕರೇ ಮಾಡತಕ್ಕದ್ದು. ಮಾಲೀಕರ ಅಥವಾ ಉಸ್ತುವಾರಿ ಹೊಂದಿದವರ ಅನುಮತಿಯಿಲ್ಲದೆ ಗಣಕಯಂತ್ರವನ್ನು ಪ್ರವೇಶಿಸುವುದು, ಹಾನಿಪಡಿಸುವುದು ಮುಂತಾದವು ಮಾಹಿತಿ ತಂತ್ರಜ್ಞಾನ ಅಧಿನಿಯಮ, 2000ದ 43ನೇ ಕಲಮಿನ ವ್ಯಾಪ್ತಿಗೆ ಬರುತ್ತವೆ. ನಿರ್ವಾಹಕರಿಗೆ ಮನವಿ ಸಲ್ಲಿಸುವಾಗ ಕೆಳಕಂಡ ವಿವರಗಳನ್ನು ನೀಡಿದಲ್ಲಿ ಶೀಘ್ರ ಪರಿಹಾರ ಸಾಧ್ಯ:

(ಅ) ಸಂಪರ್ಕಕ್ಕೆ ಪ್ರಯತ್ನಿಸಿದ ದಿನಾಂಕ ಮತ್ತು ವೇಳೆ
(ಆ) ಪೋರ್ಟ್ ಸಂಖ್ಯೆ ಮತ್ತು ವಿಧಾನ
(ಇ) ಕಾಣಿಸಿಕೊಂಡ ಸಂದೇಶದ ಪೂರ್ಣ ಪಾಠ
(ಈ) ಹಂತ 2ರಲ್ಲಿ ದೊರೆತ ನಿರಾಕರಣೆಯ ದಾಖಲೆ
(ಉ) ಕಾರ್ಯಾಚರಣ ವ್ಯವಸ್ಥೆಯ ಹೆಸರು ಮತ್ತು ಆವೃತ್ತಿ

ಗುಪ್ತಪದ, ಒಟಿಪಿ ಹಾಗೂ ಖಾಸಗಿ ಕೀಲಿಯ ಕಡತವನ್ನು ಮನವಿಯೊಂದಿಗೆ ಯಾವ ಕಾರಣಕ್ಕೂ ಕಳುಹಿಸಬಾರದು.

10. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಪೋರ್ಟ್ 1194 ಆಗಿದ್ದರೂ "ಪರ್ಮಿಷನ್ ಡಿನೈಡ್" ಬರುತ್ತಿದೆ. ಕಾರಣವೇನು?
ಉತ್ತರ: ಪ್ರಮಾಣಪತ್ರ ಅಥವಾ ಕೀಲಿಯ ಕಡತವನ್ನು ಓದಲು ತಡೆ ಇರಬಹುದು. ಡೌನ್‌ಲೋಡ್ಸ್ ಮುಂತಾದ ಕಡೆ ಇರಿಸಿದ ಕಡತಗಳಿಗೆ ತಕ್ಕ ಲೇಬಲ್ ಇರುವುದಿಲ್ಲ. ಅವುಗಳನ್ನು ನಿಮ್ಮ ಗೃಹ ಕಡತಕೋಶದಲ್ಲಿ ಚುಕ್ಕಿಯಿಂದ ಆರಂಭವಾಗುವ "ಸರ್ಟ್" ಎಂಬ ಕೋಶಕ್ಕೆ ಸ್ಥಳಾಂತರಿಸಿ, ಆ ಕೋಶದ ಮೇಲೆ "ರಿಸ್ಟೋರ್‌ಕಾನ್ -ಆರ್" ಆದೇಶ ನೀಡಬೇಕು. ಇಲ್ಲಿ "ಆರ್" ಅಕ್ಷರವನ್ನು ದೊಡ್ಡದಾಗಿ ಟಂಕಿಸಬೇಕು.

ಪ್ರಶ್ನೆ: ಪರದೆಯ ಮೇಲೆ ಎಸ್‌ಇಲಿನಕ್ಸ್ ಎಚ್ಚರಿಕೆಯೊಂದು ಮೂಡಿ ಹಲವು ಪರಿಹಾರಗಳನ್ನು ಸೂಚಿಸುತ್ತಿದೆ. ಯಾವುದನ್ನು ಆರಿಸಬೇಕು?
ಉತ್ತರ: ಪೋರ್ಟ್‌ನ ಲೇಬಲ್ ಬದಲಾಯಿಸುವ ಸೂಚನೆ ಇದ್ದಲ್ಲಿ ಅದನ್ನೇ ಆರಿಸಿ, ಲೇಬಲ್‌ನ ಜಾಗದಲ್ಲಿ "ಓಪನ್‌ವಿಪಿಎನ್_ಪೋರ್ಟ್_ಟಿ" ಎಂದು ನಮೂದಿಸಬೇಕು.

ಪ್ರಶ್ನೆ: ಸಂಸ್ಥೆಯೇ ಪೋರ್ಟ್ ಸಂಖ್ಯೆಯನ್ನು ಬದಲಾಯಿಸಿಕೊಡಬಹುದೇ?
ಉತ್ತರ: ಸಾಧ್ಯವಿದೆ. ಟಿಸಿಪಿ 443ರಲ್ಲಿ ವಿಪಿಎನ್ ಒದಗಿಸಿದರೆ ಬಳಕೆದಾರರ ಗಣಕಯಂತ್ರದ ನೀತಿಯಲ್ಲಿ ಬದಲಾವಣೆ ಬೇಕಾಗುವುದಿಲ್ಲ. ಆದರೆ ಟಿಸಿಪಿಯಲ್ಲಿ ವೇಗವು ಯುಡಿಪಿಗಿಂತ ಕಡಿಮೆ ಇರುವುದುಂಟು.

ಪ್ರಶ್ನೆ: ನಮ್ಮಲ್ಲಿ ಸೆಂಟ್‌ಒಎಸ್ 7 ಇದೆ. ಇದೇ ವಿಧಾನ ಅನ್ವಯಿಸುತ್ತದೆಯೇ?
ಉತ್ತರ: ಅನ್ವಯಿಸುತ್ತದೆ. ಅಲ್ಲಿ ಸೆಮ್ಯಾನೇಜ್ ಆದೇಶವು "ಪಾಲಿಸಿಕೋರ್‌ಯುಟಿಲ್ಸ್-ಪೈಥಾನ್" ಎಂಬ ಕಂತೆಯಲ್ಲಿ ದೊರೆಯುತ್ತದೆ. ಆದರೆ ಆ ವ್ಯವಸ್ಥೆಗೆ ಭದ್ರತಾ ಪರಿಷ್ಕರಣೆಗಳು 30 ಜೂನ್ 2024ಕ್ಕೆ ಮುಕ್ತಾಯವಾಗಿವೆ. ಬೆಂಬಲವಿರುವ ವ್ಯವಸ್ಥೆಗೆ ಬದಲಾಗುವುದು ಅತ್ಯಗತ್ಯ.

ಪ್ರಶ್ನೆ: ದೂರವಾಣಿ ಕರೆ ಮಾಡಿದವರೊಬ್ಬರು ಪರದೆ ಹಂಚಿಕೊಂಡರೆ ತಾವೇ ಸರಿಪಡಿಸುವುದಾಗಿ ಹೇಳುತ್ತಿದ್ದಾರೆ. ಒಪ್ಪಬಹುದೇ?
ಉತ್ತರ: ಅಪರಿಚಿತರಿಗೆ ಗಣಕಯಂತ್ರದ ನಿಯಂತ್ರಣವನ್ನು ನೀಡಬಾರದು. ವಂಚನೆಯಿಂದ ಹಣ ಕಳೆದುಕೊಂಡಲ್ಲಿ ಕೂಡಲೇ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡತಕ್ಕದ್ದು.

11. ಕೊನೆಯದಾಗಿ

ಭದ್ರತಾ ನೀತಿಯ ನಿರಾಕರಣೆಯನ್ನು ಒಂದು ಪ್ರಶ್ನೆಯೆಂದು ತಿಳಿಯಬೇಕು: ಈ ಪೋರ್ಟನ್ನು ನೀವು ಉದ್ದೇಶಪೂರ್ವಕವಾಗಿ ಬಳಸುತ್ತಿದ್ದೀರಾ? ಹೌದಾದರೆ ಸಂಖ್ಯೆಯನ್ನು ನಮೂದಿಸಿ ಮುಂದುವರಿಯಬಹುದು. ದಾಖಲೆಯಲ್ಲಿರುವ ಸಂಖ್ಯೆ ನಿಮಗೆ ಪರಿಚಿತವಲ್ಲದಿದ್ದರೆ ಅನುಮತಿ ನೀಡದೆ, ಸಂರಚನಾ ಕಡತವನ್ನು ಎಲ್ಲಿಂದ ಪಡೆಯಲಾಗಿದೆ ಎಂಬುದನ್ನು ಪರಿಶೀಲಿಸಿ ಜಾಲ ನಿರ್ವಾಹಕರನ್ನು ಸಂಪರ್ಕಿಸತಕ್ಕದ್ದು. ಸಾರ್ವಜನಿಕರು ಈ ಮಾಹಿತಿಯ ಸದುಪಯೋಗ ಪಡೆದುಕೊಳ್ಳಬೇಕೆಂದು ಕೋರಲಾಗಿದೆ.